ಕ್ಲಿನಿಕ್ ಅಸಿಸ್ಟೆಂಟ್‌ಗಳಿಗೆ ಮಕ್ಕಳ ಹಲ್ಲಿನ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಲ್ಲಿ ನಮ್ಮದೊಂದು ಸಣ್ಣ ಮಕ್ಕಳ ಹಲ್ಲಿನ ಕ್ಲಿನಿಕ್. ಅಸಿಸ್ಟೆಂಟ್ ಹುಡುಗೀರಿಗೆ, ರಿಸೆಪ್ಷನ್ನಲ್ಲಿ ಕೂರೋರಿಗೆ ನಾವು ಮಾಡೋ ಟ್ರೇನಿಂಗ್ ಬಗ್ಗೆ ಬೇರೆ ಊರಿನ ಡಾಕ್ಟ್ರುಗಳು ಫೋನ್ ಮಾಡಿ ಕೇಳ್ತಾನೇ ಇರ್ತಾರೆ. ಪ್ರತಿಯೊಬ್ಬರಿಗೂ ಮೊದಲಿಂದ ಹೇಳಿ ಹೇಳಿ ಗಂಟಲು ಒಣಗೋಯ್ತು, ಅದಕ್ಕೆ ಎಲ್ಲಾ ಇಲ್ಲೇ ಬರೆದು ಹಾಕಿದೀನಿ.

ಪ್ರ: ಮಕ್ಕಳ ಹಲ್ಲಿನ ವಿಷಯ ಡಾಕ್ಟ್ರೇ ಹೇಳಿದ್ರೆ ಆಗಲ್ವಾ? ಅಸಿಸ್ಟೆಂಟ್ ಯಾಕೆ ಹೇಳಬೇಕು?

ಡಾಕ್ಟ್ರು ಹೇಳಿದ್ದಕ್ಕೆ ತಾಯಂದಿರು "ಹೂಂ ಮೇಡಂ, ಆಯ್ತು ಮೇಡಂ" ಅಂತಾರೆ. ಹೊರಗೆ ಬಂದು ಚಪ್ಪಲಿ ಹಾಕ್ಕೊಳ್ತಾ ನಮ್ಮ ಹುಡುಗಿ ಹತ್ರ "ಏನಮ್ಮಾ ಅಂದ್ರು ನಿಮ್ ಡಾಕ್ಟ್ರು, ಅರ್ಥನೇ ಆಗ್ಲಿಲ್ಲ" ಅಂತ ಕೇಳ್ತಾರೆ. ನಿಜವಾದ ಮಾತುಕತೆ ಶುರುವಾಗೋದೇ ಆ ಚಪ್ಪಲಿ ಸ್ಟ್ಯಾಂಡ್ ಹತ್ರ, ಅಲ್ಲಿ ನಾನಿರಲ್ಲ, ಅವಳಿರ್ತಾಳೆ. ಅವಳು ಏನು ಹೇಳ್ತಾಳೋ ಅದೇ ಮನೆಗೆ ಹೋಗೋದು. ಇನ್ನೊಂದು ವಿಷಯ ಭಾಷೆ. ಪಾವಗಡ ಕಡೆಯಿಂದ ಬರೋರು ಎಷ್ಟೋ ಜನ ಮನೇಲಿ ತೆಲುಗು ಮಾತಾಡ್ತಾರೆ, ಇಲ್ಲಿ ಟೌನಲ್ಲಿ ಉರ್ದು ಮಾತಾಡೋ ಮನೆಗಳು ಬೇಕಾದಷ್ಟಿವೆ, ನನಗೆ ಬರೋದು ಕನ್ನಡ, ಇಂಗ್ಲಿಷು, ಹರಕು ಮುರುಕು ಹಿಂದಿ. ನಮ್ಮ ಅಸಿಸ್ಟೆಂಟ್‌ಗೆ ಕನ್ನಡ, ತೆಲುಗು, ಉರ್ದು ಮೂರೂ ಬರುತ್ತೆ.

ಪ್ರ: ನೀವು ಯಾರನ್ನ ಟ್ರೇನ್ ಮಾಡ್ತೀರಾ? ಕೋರ್ಸ್ ಮಾಡಿರಬೇಕಾ?

ನಮ್ಮೂರುಗಳಲ್ಲಿ ಕ್ಲಿನಿಕ್‌ಗೆ ಬರೋ ಹುಡುಗೀರಲ್ಲಿ ಮುಕ್ಕಾಲು ಪಾಲು ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಬಂದೋರು, ಕೆಲಸ ಮಾಡ್ತಾ ಮಾಡ್ತಾನೇ ಕಲಿಯೋದು. ಕಾನೂನಲ್ಲಿ ಡೆಂಟಲ್ ಹೈಜೀನಿಸ್ಟ್ ಅನ್ನೋರು ಬೇರೆ. 1948ರ ಡೆಂಟಿಸ್ಟ್ಸ್ ಆ್ಯಕ್ಟ್ ಕೊಟ್ಟಿದ್ದ ವಿವರಣೆ ಪ್ರಕಾರ ಹಲ್ಲು ಕ್ಲೀನ್ ಮಾಡೋರು, ಪಾಲಿಶ್ ಮಾಡೋರು, ಅಥವಾ ಬಾಯಿ ಶುಚಿತ್ವದ ತಿಳುವಳಿಕೆ ಕೊಡೋರು ಹೈಜೀನಿಸ್ಟ್. ಅಂದ್ರೆ ತಿಳುವಳಿಕೆ ಕೊಡೋದು ಕೂಡ ಒಂದು ವೃತ್ತಿ ಅಂತ ಆಗ್ಲೇ ಬರೆದಿಟ್ಟಿದ್ರು, ನಾವೇ ಅದನ್ನ "ಟೈಮ್ ಸಿಕ್ರೆ ಹೇಳಮ್ಮ" ಅನ್ನೋ ಮಟ್ಟಕ್ಕೆ ಇಳಿಸಿರೋದು. ಹೈಜೀನಿಸ್ಟ್ ಡಿಪ್ಲೊಮಾ ಮಾಡಿರೋರು ಸಿಕ್ಕಿದ್ರೆ ಪುಣ್ಯ, ಆದ್ರೆ ಸಣ್ಣ ಊರಲ್ಲಿ ಸಿಗಲ್ಲ. ಸಿಗಲ್ಲ ಅಂತ ಸುಮ್ನೆ ಕೂರೋಕೂ ಆಗಲ್ಲ. ಬ್ರಷ್ ಹೇಗೆ ಹಿಡಿಯೋದು, ರಾತ್ರಿ ಬಾಟ್ಲು ಹೇಗೆ ಬಿಡಿಸೋದು ಅಂತ ಹೇಳೋಕೆ ಯಾರನ್ನ ಬೇಕಾದ್ರೂ ತಯಾರು ಮಾಡಬಹುದು. ಬಾಯೊಳಗೆ ಕೈ ಹಾಕೋ ಕೆಲಸ ಮಾತ್ರ ಬೇರೆ, ಅದನ್ನ ಕೆಳಗೆ ಹೇಳಿದೀನಿ.

ಪ್ರ: ಎಷ್ಟು ದಿನದ ಟ್ರೇನಿಂಗ್?

ಬುಧವಾರ ಮಧ್ಯಾಹ್ನ ಪೇಶೆಂಟ್ ಕಮ್ಮಿ. 2 ಗಂಟೆಯಿಂದ 3:30, ಹಂಗೆ ಆರು ಬುಧವಾರ, ಅಷ್ಟೇ. ಆಮೇಲೆ ತಿಂಗಳಿಗೊಂದು ಸಲ ಅರ್ಧ ಗಂಟೆ. ಒಂದೇ ದಿನ ಬೆಳಿಗ್ಗೆಯಿಂದ ಸಂಜೆ ತನಕ ಕೂರಿಸಿ ತುಂಬೋದು ದಯವಿಟ್ಟು ಮಾಡ್ಬೇಡಿ.

ಇದನ್ನ ನಾನು ಪೆಟ್ಟು ತಿಂದು ಕಲಿತಿದ್ದು. ಮೊದಲ ವರ್ಷ ಕಾಲೇಜಲ್ಲಿ ಮಾಡಿದ್ದ ಪಿಪಿಟಿನೇ ತೆಗೆದು ತೋರಿಸ್ದೆ, ಅರವತ್ತು ಸ್ಲೈಡು, ಎಲ್ಲಾ ಇಂಗ್ಲಿಷ್ ಪದಗಳು, ಹುಡುಗೀರು ಚೆನ್ನಾಗಿ ತಲೆ ಆಡಿಸಿದ್ರು, ನನಗೂ ಖುಷಿ. ಮುಂದಿನ ವಾರ ಒಬ್ಬಳು ಬಹಳ ಗಂಭೀರವಾಗಿ ಒಂದು ತಾಯಿಗೆ "ನಿಮ್ ಮಗೂಗೆ ಕೇರೀಸ್ ಇದೆ" ಅಂದ್ಲು. ಆ ತಾಯಿ ಮುಖ ಬಿಳಿಚಿಕೊಂಡು "ಕ್ಯಾನ್ಸರ್ರಾ?" ಅಂತ ಅಳೋಕೇ ಶುರು ಮಾಡಿದ್ರು. ಹುಳುಕು ಹಲ್ಲು ಅಂದಿದ್ರೆ ಮುಗಿದೋಗ್ತಿತ್ತು! ಅವತ್ತೇ ಆ ಪಿಪಿಟಿ ಡಿಲೀಟ್.

ಪ್ರ: ಹಾಗಾದ್ರೆ ಏನೇನು ಕಲಿಸ್ತೀರಾ?

ಮೊದಲು ಹಾಲುಹಲ್ಲಿನ ಲೆಕ್ಕ. ಒಟ್ಟು 20, ಆರು ತಿಂಗಳ ಆಸುಪಾಸಲ್ಲಿ ಶುರುವಾಗಿ ಎರಡೂವರೆ ಮೂರು ವರ್ಷಕ್ಕೆ ಎಲ್ಲಾ ಬಂದಿರುತ್ತೆ. ಆಮೇಲೆ ಆರನೇ ವರ್ಷದ ದವಡೆ ಹಲ್ಲು, ಇದರ ಮೇಲೆ ಅರ್ಧ ಕ್ಲಾಸೇ ತಗೋತೀನಿ, ಯಾಕಂದ್ರೆ ಅದು ಯಾವ ಹಲ್ಲೂ ಬೀಳದೆ ಹಿಂದೆ ಸುಮ್ನೆ ಬಂದು ಕೂತ್ಬಿಡುತ್ತೆ, ಅಪ್ಪ ಅಮ್ಮ ಅದನ್ನೂ ಹಾಲುಹಲ್ಲು ಅಂದ್ಕೊಂಡು "ಬಿದ್ದೋಗುತ್ತೆ ಬಿಡಿ" ಅಂತಾರೆ. ಅದು ಬೀಳಲ್ಲ, ಜೀವನಪೂರ್ತಿ ಇರಬೇಕಾದ ಹಲ್ಲು. ಎಂಟು ವರ್ಷಕ್ಕೇ ಅದು ಪೂರ್ತಿ ತೂತಾಗಿರೋ ಮಕ್ಕಳು ನಮ್ಮಲ್ಲಿ ಬರ್ತಾನೇ ಇರ್ತಾರೆ.

ಎರಡನೇದು ತುಟಿ ಎತ್ತಿ ನೋಡೋದು. ಸಣ್ಣ ಮಕ್ಕಳಲ್ಲಿ ಹುಳುಕು ಮೊದಲು ಹಿಡಿಯೋದು ಮೇಲಿನ ಮುಂದಿನ ಹಲ್ಲಿಗೆ, ಕೆಳಗಿನ ಮುಂದಿನ ಹಲ್ಲಿಗೆ ನಾಲಿಗೆ ಅಡ್ಡ ಇರುತ್ತೆ, ಜೊಲ್ಲು ಹರೀತಾ ಇರುತ್ತೆ, ಅದು ಬಚಾವ್. ಮೇಲಿನ ತುಟಿ ಎತ್ತಿದಾಗ ಒಸಡಿನ ಅಂಚಲ್ಲಿ ಸುಣ್ಣ ಬಳಿದಂಗೆ ಮಂಕು ಬಿಳಿ ಗೆರೆ ಕಾಣ್ಸಿದ್ರೆ ಅದೇ ಶುರು. ಈ ಹಂತದಲ್ಲಿ ತೂತು ಬಿದ್ದಿರಲ್ಲ, ಫ್ಲೋರೈಡ್ ಪೇಸ್ಟು, ಫ್ಲೋರೈಡ್ ವಾರ್ನಿಶ್ (ಹಲ್ಲಿನ ಮೇಲೆ ಬಳಿಯೋ ಫ್ಲೋರೈಡ್ ಲೇಪ), ರಾತ್ರಿ ಸಿಹಿ ನಿಲ್ಸೋದು, ಇಷ್ಟರಲ್ಲೇ ತಡೀಬಹುದು. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ಮೇಲೆ ಬಂದ್ರೆ ನನ್ನ ಕೆಲಸ ಜಾಸ್ತಿ, ಅವರ ಖರ್ಚೂ ಜಾಸ್ತಿ. ಅಸಿಸ್ಟೆಂಟ್ ಆ ಬಿಳಿ ಗೆರೇನ ಅಮ್ಮನ ಮೊಬೈಲ್ ಟಾರ್ಚಲ್ಲಿ ಅಮ್ಮನಿಗೇ ತೋರಿಸಬೇಕು. ಮುಂದಿನ ತಿಂಗಳಿಂದ ಅಮ್ಮನೇ ಮನೇಲಿ ನೋಡ್ತಾಳೆ.

ಇನ್ನುಳಿದಿದ್ದು ಪೇಸ್ಟು, ಬ್ರಷ್, ತಿಂಡಿ, ಬಾಟ್ಲು, ಹೆದರಿರೋ ಮಗು, ಬಿದ್ದು ಹಲ್ಲು ಉದುರಿಸಿಕೊಂಡ ಮಗು.

ಪ್ರ: ಪೇಸ್ಟ್ ವಿಷಯದಲ್ಲಿ ಎಲ್ಲರೂ ಒಂದೊಂದು ಹೇಳ್ತಾರೆ. ಸ್ಟಾಫ್‌ಗೆ ಏನು ಹೇಳಿಕೊಡೋದು?

ಮೊದಲ ಕ್ಲಾಸಲ್ಲಿ ಪ್ರತಿಯೊಬ್ಬರ ಕೈಗೂ ಒಂದು ಬ್ರಷ್ ಕೊಟ್ಟು "ಎರಡು ವರ್ಷದ ಮಗೂಗೆ ಪೇಸ್ಟ್ ಹಾಕಿ" ಅಂತೀನಿ. ಎಲ್ಲರೂ ಟಿವಿ ಜಾಹೀರಾತಲ್ಲಿ ಬರೋ ತರ ಈ ಕಡೆಯಿಂದ ಆ ಕಡೆಗೆ ಅಲೆ ಅಲೆಯಾಗಿ ಹಾಕ್ತಾರೆ. ಆಮೇಲೆ ತಟ್ಟೇಲಿ ಒಂದು ಸೋನಾ ಮಸೂರಿ ಕಾಳು, ಒಂದು ಬಟಾಣಿ ಕಾಳು ಇಡ್ತೀನಿ. ಮೂರು ವರ್ಷದೊಳಗೆ ಅಕ್ಕಿ ಕಾಳಷ್ಟು, ಮೂರರಿಂದ ಆರು ವರ್ಷಕ್ಕೆ ಬಟಾಣಿ ಕಾಳಷ್ಟು. ಈಗ ಹಾಕಿ ಅಂದ್ರೆ ಟ್ಯೂಬನ್ನ ಒತ್ತೋಕೇ ಹೆದರ್ತಾರೆ. ನಾಲ್ಕೈದು ಸಲ ಮಾಡಿದ್ಮೇಲೆ ಕೈ ಹದಕ್ಕೆ ಬರುತ್ತೆ. ತಾಯಂದಿರ ಹತ್ರನೂ ಹಿಂಗೇ ಮಾಡಿಸ್ತಾರೆ, ಬಾಯಲ್ಲಿ ಹೇಳೋದಿಲ್ಲ.

ಪೇಸ್ಟಲ್ಲಿ ಎಷ್ಟು ಫ್ಲೋರೈಡ್ ಇದೆ ಅಂತ ಟ್ಯೂಬ್ ಮೇಲೆ ಪಿಪಿಎಂ (ಹತ್ತು ಲಕ್ಷ ಪಾಲಲ್ಲಿ ಎಷ್ಟು ಪಾಲು) ಲೆಕ್ಕದಲ್ಲಿ ಬರೆದಿರುತ್ತೆ, ನಮ್ಮ ದೇಶದಲ್ಲಿ 1000 ಪಿಪಿಎಂ ಮೀರೋ ಹಾಗಿಲ್ಲ. ಕಾರ್ಟೂನ್ ಇರೋ ಮಕ್ಕಳ ಪೇಸ್ಟಲ್ಲಿ ಎಷ್ಟೋ ಸಲ ಅದರ ಅರ್ಧ ಇರುತ್ತೆ, ಕೆಲವದ್ರಲ್ಲಿ ಫ್ಲೋರೈಡೇ ಇರಲ್ಲ, ದುಡ್ಡು ಮಾತ್ರ ಡಬಲ್. ಹುಡುಗೀರಿಗೆ ಮನೆಯಿಂದ ಖಾಲಿ ಟ್ಯೂಬ್ ತರೋಕೆ ಹೇಳಿ ಅದರ ಮೇಲಿನ ಸಣ್ಣಕ್ಷರ ಓದಿಸ್ತೀನಿ. ಚಿತ್ರ ನೋಡಿ ತಗೊಳ್ಳೋದಲ್ಲ, ಹಿಂದೆ ತಿರುಗಿಸಿ ನೋಡೋದು ಅನ್ನೋದೊಂದು ಬಂದ್ರೆ ಸಾಕು. ಉಜ್ಜಿದ್ಮೇಲೆ ಉಗೀಬೇಕು, ಬಕೆಟ್ ನೀರು ಮುಕ್ಕಳಿಸೋ ಅಗತ್ಯ ಇಲ್ಲ. ಏಳೆಂಟು ವರ್ಷದ ತನಕ ದೊಡ್ಡವರೇ ಉಜ್ಜಬೇಕು, ಶೂ ಲೇಸ್ ತಾನೇ ಕಟ್ಟೋಕೆ ಬರದ ಮಗೂಗೆ ಹಿಂದಿನ ದವಡೆ ತನಕ ಬ್ರಷ್ ತಿರುಗಿಸೋಕೂ ಬರಲ್ಲ.

ಪ್ರ: ನಮ್ ಕಡೆ ನೀರಲ್ಲೇ ಫ್ಲೋರೈಡ್ ಜಾಸ್ತಿ ಅಂತಾರಲ್ಲ, ಮತ್ತೆ ಫ್ಲೋರೈಡ್ ಪೇಸ್ಟ್ ಯಾಕೆ?

ಇದು ಒಳ್ಳೆ ಪ್ರಶ್ನೆ, ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರು ಕೇಳೇ ಕೇಳ್ತಾರೆ, ಸ್ಟಾಫ್‌ಗೆ ಉತ್ತರ ಗೊತ್ತಿರಲೇಬೇಕು. ಕುಡಿಯೋ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ರೆ 1.5 ತನಕ ಅಂತ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹೇಳುತ್ತೆ. ಆಳದ ಬೋರ್‌ವೆಲ್ ನೀರಲ್ಲಿ ಅದಕ್ಕಿಂತ ಜಾಸ್ತಿ ಇದ್ದು, ಹಲ್ಲು ಒಸಡೊಳಗೆ ಬೆಳೀತಿರೋ ವಯಸ್ಸಲ್ಲಿ ಮಗು ಅದನ್ನೇ ದಿನಾ ಕುಡಿದ್ರೆ ಮುಂದೆ ಬರೋ ಶಾಶ್ವತ ಹಲ್ಲಲ್ಲಿ ಬಿಳಿ ಇಲ್ಲಾ ಕಂದು ಕಲೆ ಬರುತ್ತೆ. ಹೊಟ್ಟೆಗೆ ಹೋಗೋ ಫ್ಲೋರೈಡ್ ಬೇರೆ, ಹಲ್ಲಿನ ಮೇಲೆ ಹಚ್ಚಿ ಉಗಿಯೋದು ಬೇರೆ. ಅಂಥ ಊರಿಂದ ಬಂದೋರಿಗೆ ಅಸಿಸ್ಟೆಂಟ್ ಮೊದಲು ಕೇಳಬೇಕಾದ್ದು "ಮನೇಲಿ ಕುಡಿಯೋಕೆ ಯಾವ ನೀರು ಅಕ್ಕ, ಬೋರಿನದೋ, ಊರಿನ ಶುದ್ಧ ನೀರಿನ ಘಟಕದ್ದೋ?" ಅಂತ. ಬೋರಿನದಾದ್ರೆ ನನಗೆ ಹೇಳ್ತಾಳೆ, ಪೇಸ್ಟ್ ಎಷ್ಟು, ಯಾವುದು ಅಂತ ನಾನು ನೋಡಿ ಹೇಳ್ತೀನಿ. ಅವಳಾಗೇ "ಫ್ಲೋರೈಡ್ ಬಿಟ್ಬಿಡಿ" ಅನ್ನೋ ಹಾಗಿಲ್ಲ.

ಪ್ರ: ತಾಯಂದಿರಿಗೆ ಬೇಜಾರಾಗದ ಹಾಗೆ ಹೇಳೋದು ಹೇಗೆ?

ಟ್ರೇನಿಂಗಲ್ಲಿ ಕಷ್ಟ ಇರೋದೇ ಇಲ್ಲಿ. ಹೊಸದಾಗಿ ಕಲಿತ ಹುಡುಗಿಗೆ ಮೊದಲ ವಾರ ಬೈಯೋ ಆಸೆ ಬರುತ್ತೆ, "ಬಾಟ್ಲಲ್ಲಿ ಹಾಲು ಕೊಡ್ತೀರಾ? ಅಯ್ಯೋ ಯಾಕ್ ಕೊಡ್ತೀರಾ?" ಅಂತ. ಹಂಗೆ ಕೇಳಿದ್ರೆ ಯಾವ ತಾಯಿ ತಾನೇ ಹೌದು ಅಂತಾಳೆ? "ಇಲ್ಲಪ್ಪ, ಕೊಡಲ್ಲ" ಅಂತಾಳೆ, ಅಲ್ಲಿಗೆ ಮಾತು ಮುಗೀತು. ನಾವು ಕಲಿಸೋ ಪ್ರಶ್ನೆ: "ರಾತ್ರಿ ಪಾಪು ಹೆಂಗೆ ಮಲಗುತ್ತೆ ಅಕ್ಕ?" ಇದಕ್ಕೆ ಹೌದು ಇಲ್ಲ ಅನ್ನೋ ಉತ್ತರ ಇಲ್ಲ. ಒಂದು ಸಲ ಹಿಂಗೇ ಕೇಳಿದ್ದಕ್ಕೆ ತಾಯಿ ಬಾಯಿ ಬಿಡೋ ಮುಂಚೆ ಪಕ್ಕದಲ್ಲಿದ್ದ ಅಜ್ಜಿ "ನನ್ ಪಕ್ಕನೇ ಮಲಗೋದು, ಮಧ್ಯರಾತ್ರಿ ಎದ್ರೆ ಬಾಟ್ಲು ಬಾಯಿಗಿಟ್ರೆ ಸಾಕು, ಸಕ್ಕರೆ ಹಾಕದಿದ್ರೆ ಮುಟ್ಟಲ್ಲ ನನ್ ಕಂದ" ಅಂತ ಖುಷಿಯಾಗಿ ಹೇಳಿದ್ರು. ಅಂದ್ರೆ ನಾವು ಮಾತಾಡಬೇಕಾದ್ದು ಅಜ್ಜಿ ಹತ್ರ! ನಮ್ಮ ಹುಡುಗಿ "ಸಕ್ಕರೆ ಬಿಡಿ" ಅನ್ನಲಿಲ್ಲ. "ಅಜ್ಜಿ, ಈ ವಾರ ಎರಡು ಚಮಚ ಇರೋದು ಒಂದಾಗಲಿ, ಬರೋ ವಾರ ಅರ್ಧ, ಆಮೇಲೆ ಹಾಲಿಗೆ ಸ್ವಲ್ಪ ಸ್ವಲ್ಪ ನೀರು ಬೆರೆಸ್ತಾ ಹೋಗಿ, ಕೊನೆಗೆ ಬರೀ ನೀರೇ ಇಡಿ, ಅದಕ್ಕೇ ಬೇಜಾರಾಗಿ ಬಿಡುತ್ತೆ" ಅಂದ್ಲು. ಪುಸ್ತಕದಲ್ಲಿರೋದೂ ಇದೇ, ಆದ್ರೆ ಅವಳ ಬಾಯಲ್ಲಿ ಅದು ಅಜ್ಜಿಗೆ ಹಿಡಿಸ್ತು.

ಎದೆಹಾಲಿನ ವಿಷಯದಲ್ಲಿ ಮಾತ್ರ ಸ್ಟಾಫ್ ಬಾಯಿ ಹಾಕೋ ಹಾಗಿಲ್ಲ. ನಿಲ್ಸಿ ಅಂತ ಹೇಳೋದು ನಮ್ಮ ಕೆಲಸ ಅಲ್ಲ. ಹಲ್ಲು ಬಂದ್ಮೇಲೆ ಒರೆಸೋದು, ಉಜ್ಜೋದು ಹೇಳಿಕೊಡಬೇಕು, ಅಷ್ಟೇ. ಜೇನುತುಪ್ಪ ನೆಕ್ಕಿಸೋ ಮನೆ ಇದ್ರೆ, ವರ್ಷ ತುಂಬದ ಮಗೂಗೆ ಜೇನು ಬೇಡವೇ ಬೇಡ ಅಂತ ಸ್ಪಷ್ಟವಾಗಿ ಹೇಳ್ಬೇಕು, ಅದು ಹಲ್ಲಿಗಿಂತ ದೊಡ್ಡ ಅಪಾಯ.

ಪ್ರ: "ಹಾಲುಹಲ್ಲು ತಾನೇ, ಬಿದ್ದೋಗುತ್ತೆ" ಅನ್ನೋರಿಗೆ?

ವಾದ ಮಾಡ್ಬೇಡಿ ಅಂತ ಹೇಳಿಕೊಡ್ತೀನಿ. ಬಿದ್ದ ಹಲ್ಲನ್ನ ಸಗಣಿ ಉಂಡೇಲಿಟ್ಟು ಮಾಡಿನ ಮೇಲೆ ಎಸೆದು ಬೆಳೆದೋರು ನಾವೆಲ್ಲ, ಅದು ಬೀಳುತ್ತೆ ಅನ್ನೋದು ಸುಳ್ಳಲ್ಲವಲ್ಲ. "ಹೌದು ಅಕ್ಕ, ಬೀಳುತ್ತೆ, ಆದ್ರೆ ಈ ಹಿಂದಿನ ಹಾಲುಹಲ್ಲು ಬೀಳೋದು ಹತ್ತು ಹನ್ನೊಂದು ವರ್ಷಕ್ಕೆ, ಪಾಪುಗೆ ಈಗ ನಾಲ್ಕು, ಇನ್ನೂ ಆರು ವರ್ಷ ಇದರಲ್ಲೇ ರೊಟ್ಟಿ ಅಗೀಬೇಕಲ್ಲ" ಅಂದ್ರೆ ಮುಗೀತು. ಆರು ವರ್ಷ ಅಂದ ತಕ್ಷಣ ಮುಖ ಬದಲಾಗುತ್ತೆ.

ಪ್ರ: ಮಗು ಚೇರ್ ಹತ್ತಲ್ಲ, ಕಿರುಚುತ್ತೆ. ಅಸಿಸ್ಟೆಂಟ್ ಏನು ಮಾಡಬಹುದು?

ಬಹಳ ಮಾಡಬಹುದು. ಹೇಳು, ತೋರಿಸು, ಆಮೇಲೆ ಮಾಡು ಅನ್ನೋ ಕ್ರಮ 1959ರಿಂದ ಇದೆ, ಇವತ್ತಿಗೂ ಅದನ್ನ ಮೀರಿಸಿದ್ದು ಬಂದಿಲ್ಲ ಅಂತ ನನ್ನ ಅಭಿಪ್ರಾಯ. ಸಕ್ಷನ್ ಪೈಪ್ ನಮ್ಮಲ್ಲಿ ಆನೆ ಸೊಂಡಿಲು, ಲೋಟದಲ್ಲಿರೋ ನೀರನ್ನ ಸೊರ್ ಅಂತ ಕುಡಿದು ತೋರಿಸುತ್ತೆ, ಆಮೇಲೆ ಮಗೂ ಕೈಗೆ, ಆಮೇಲೆ ಬಾಯಿಗೆ. ಹಲ್ಲು ಕೊರೆಯೋ ಏರೋಟರ್ ಅಂದ್ರೆ ಸೀಟಿ ಹೊಡೆಯೋ ಶವರ್ರು. ಎರಡು ಮೂರು ವರ್ಷದ ಮಗೂನ ಚೇರಲ್ಲಿ ಮಲಗಿಸೋ ಹಠ ಬೇಡ, ಅಮ್ಮ ಮತ್ತೆ ಡಾಕ್ಟ್ರು ಮಂಡಿಗೆ ಮಂಡಿ ತಾಗಿಸಿ ಕೂತು ಮಗೂ ತಲೆ ಡಾಕ್ಟ್ರ ತೊಡೆ ಮೇಲೆ ಬರೋ ಹಾಗೆ ಮಲಗಿಸಿದ್ರೆ ಅಮ್ಮನ ಮುಖ ಕಾಣ್ತಾ ಇರುತ್ತೆ. ಇದನ್ನ ಹುಡುಗೀರು ಇಬ್ಬಿಬ್ಬರು ಎದುರುಬದುರು ಕೂತು ದೊಡ್ಡ ಬೊಂಬೆ ಇಟ್ಕೊಂಡು ಪ್ರಾಕ್ಟೀಸ್ ಮಾಡ್ತಾರೆ, ಆ ಕ್ಲಾಸಲ್ಲಿ ಬರೀ ನಗು.

ನಿಜವಾದ ಸಮಸ್ಯೆ ವೇಟಿಂಗ್ ರೂಮು. "ಸುಮ್ನಿರು, ಇಲ್ಲಾಂದ್ರೆ ಡಾಕ್ಟ್ರು ಸೂಜಿ ಚುಚ್ತಾರೆ" ಅಂತ ಅಪ್ಪಂದಿರು ಹೆದರಿಸ್ತಾ ಇರ್ತಾರೆ, ನಾವು ಒಳಗೆ ಒಂದು ಗಂಟೆ ಕೂತು ಕಟ್ಟಿದ್ದ ನಂಬಿಕೇನ ಒಂದೇ ಮಾತಲ್ಲಿ ಕೆಡವಿಬಿಡ್ತಾರೆ. ರಿಸೆಪ್ಷನ್ ಹುಡುಗಿ ಆಗ ಎದ್ದು ಬಂದು ಮಗೂಗೆ "ಬಾ ಪುಟ್ಟ, ಮೀನು ನೋಡಣ" ಅಂತ ಕರ್ಕೊಂಡು ಹೋಗಬೇಕು. ಅಪ್ಪನಿಗೆ ಬುದ್ಧಿ ಹೇಳೋದು ಆಮೇಲೆ.

ಪ್ರ: ಫ್ಲೋರೈಡ್ ವಾರ್ನಿಶ್ ಅಸಿಸ್ಟೆಂಟೇ ಹಚ್ಚಬಹುದಾ?

ಸ್ಕಾಟ್ಲೆಂಡಲ್ಲಿ ಹಚ್ತಾರೆ. ಅಲ್ಲಿ ಚೈಲ್ಡ್‌ಸ್ಮೈಲ್ ಅಂತ ಒಂದು ಕಾರ್ಯಕ್ರಮ 2006ರಲ್ಲಿ ಪ್ರಯೋಗವಾಗಿ ಶುರುವಾಯ್ತು, ಹೆಚ್ಚಿನ ಟ್ರೇನಿಂಗ್ ತಗೊಂಡ ಡೆಂಟಲ್ ನರ್ಸ್‌ಗಳು ನರ್ಸರಿ, ಸ್ಕೂಲಿಗೇ ಹೋಗಿ ವರ್ಷಕ್ಕೆ ಎರಡು ಸಲ ವಾರ್ನಿಶ್ ಹಚ್ತಾರೆ, ಸಪೋರ್ಟ್ ವರ್ಕರ್‌ಗಳು ಪುಟ್ಟ ಮಕ್ಕಳಿರೋ ಮನೆಗೆ ಹೋಗಿ ಮಾತಾಡ್ತಾರೆ, ನರ್ಸರೀಲಿ ದಿನಾ ಎಲ್ಲಾ ಮಕ್ಕಳೂ ಒಟ್ಟಿಗೆ ಬ್ರಷ್ ಮಾಡ್ತಾರೆ. ಅಲ್ಲಿ ಒಂದನೇ ಕ್ಲಾಸಿಗೆ ಸೇರೋ ಮಕ್ಕಳಲ್ಲಿ ಕಣ್ಣಿಗೆ ಕಾಣೋ ಹುಳುಕಿಲ್ಲದವರು 2003ರಲ್ಲಿ ಶೇ. 45 ಇದ್ದಿದ್ದು 2020ಕ್ಕೆ ಶೇ. 73 ದಾಟಿತ್ತು. ಪೂರ್ತಿ ಇದೊಂದರಿಂದಲೇ ಅಂತ ನಾನು ಹೇಳಲ್ಲ, ಆದ್ರೆ ಡಾಕ್ಟ್ರಲ್ಲದೋರ ಕೈಯಲ್ಲಿ ಏನಾಗುತ್ತೆ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ.

ನಮ್ಮ ಕ್ಲಿನಿಕ್ಕಲ್ಲಿ ರೂಲ್ ಒಂದೇ. ಕೋರ್ಸ್ ಮಾಡಿಲ್ಲದ ಅಸಿಸ್ಟೆಂಟ್ ಬಾಯೊಳಗೆ ಏನೂ ಹಚ್ಚಲ್ಲ, ನಾನೇ ಹಚ್ಚೋದು. ಅವಳು ಮುಂಚೆ ಆಸ್ತಮಾ ಇದೆಯಾ, ಯಾವುದಾದ್ರೂ ಅಲರ್ಜಿ ಇದೆಯಾ, ಅದಕ್ಕೆ ಆಸ್ಪತ್ರೆಗೆ ಸೇರಿಸಿದ್ದುಂಟಾ ಅಂತ ಕೇಳಿ ಬರ್ಕೋತಾಳೆ, ಹಲ್ಲು ಒಣಗಿಸೋಕೆ ಹತ್ತಿ ರೆಡಿ ಮಾಡ್ತಾಳೆ, ಆದ್ಮೇಲೆ "ಇವತ್ತು ಗಟ್ಟಿ ತಿಂಡಿ, ಬಿಸಿ ಬಿಸಿ ಹಾಲು ಬೇಡ, ರಾತ್ರಿ ಬ್ರಷ್ ಬೇಡ, ಹಲ್ಲು ಸ್ವಲ್ಪ ಹಳದಿ ಕಾಣುತ್ತೆ ಗಾಬರಿ ಆಗ್ಬೇಡಿ" ಅಂತ ಹೇಳ್ತಾಳೆ. ವಾರ್ನಿಶಲ್ಲಿ ಫ್ಲೋರೈಡ್ 22,600 ಪಿಪಿಎಂ, ಹುಡುಗಾಟ ಅಲ್ಲ. ಹುಳುಕು ನಿಲ್ಸೋಕೆ ಹಚ್ಚೋ ಬೆಳ್ಳಿ ಔಷಧಿ, ಎಸ್‌ಡಿಎಫ್ ಅಂತೀವಲ್ಲ, ಅದಂತೂ ಹುಳುಕಿರೋ ಜಾಗನ ಕಪ್ಪು ಮಾಡುತ್ತೆ. ಮೊದಲೇ ಫೋಟೋ ತೋರಿಸಿ ಒಪ್ಪಿಗೆ ತಗೊಳ್ಳದೆ ಹಚ್ಚಿದ್ರೆ ಸಂಜೆ ಮನೆಯವರೆಲ್ಲ ಕ್ಲಿನಿಕ್ ಮುಂದೆ ಇರ್ತಾರೆ.

ಪ್ರ: ರಿಸೆಪ್ಷನಿಸ್ಟ್‌ಗೂ ಟ್ರೇನಿಂಗ್ ಬೇಕಾ?

ಬೇಕೇ ಬೇಕು, ಒಂದು ಫೋನ್ ಕಾಲಿಗೋಸ್ಕರನಾದ್ರೂ. ಸ್ಕೂಲಲ್ಲಿ ಬಿದ್ದು ಮುಂದಿನ ಶಾಶ್ವತ ಹಲ್ಲು ಪೂರ್ತಿ ಕಿತ್ತು ಬಂದಿದೆ ಅಂತ ಟೀಚರ್ ಫೋನ್ ಮಾಡ್ತಾರೆ, ನಾನು ಗ್ಲೌಸ್ ಹಾಕ್ಕೊಂಡು ಯಾರದೋ ಬಾಯಲ್ಲಿರ್ತೀನಿ. ಆಗ ಫೋನ್ ಎತ್ತಿದವಳು "ಡಾಕ್ಟ್ರು ಬಿಜಿ, 5 ಗಂಟೆಗೆ ಬನ್ನಿ" ಅಂದ್ರೆ ಆ ಹಲ್ಲು ಹೋಯ್ತು. ಅವಳು ಹೇಳಬೇಕಾದ್ದನ್ನ ಫೋನ್ ಪಕ್ಕ ಗೋಡೆಗೆ ಅಂಟಿಸಿದೀವಿ: ಹಲ್ಲನ್ನ ಹುಡುಕಿ, ಬೇರಿನ ಕಡೆ ಮುಟ್ಟಬೇಡಿ, ಬಿಳಿ ಭಾಗ ಹಿಡ್ಕೊಳ್ಳಿ, ಉಜ್ಜಬೇಡಿ, ಮಣ್ಣಾಗಿದ್ರೆ ಒಂದೆರಡು ಕ್ಷಣ ನೀರಲ್ಲಿ ತೊಳೀರಿ, ಸಾಧ್ಯ ಆದ್ರೆ ಅದೇ ಜಾಗದಲ್ಲಿ ಕೂರಿಸಿ ಬಟ್ಟೆ ಕಚ್ಚಿಸಿ, ಇಲ್ಲಾಂದ್ರೆ ತಣ್ಣನೆ ಹಾಲಲ್ಲಿ ಹಾಕ್ಕೊಂಡು ಈಗಲೇ ಹೊರಡಿ. ಅರ್ಧ ಗಂಟೇಲಿ ಬಂದ್ರೆ ಒಳ್ಳೇದು. ಹಾಲುಹಲ್ಲಾಗಿದ್ರೆ ವಾಪಸ್ ಕೂರಿಸೋ ಹಾಗಿಲ್ಲ, ಅದಕ್ಕೇ ಮೊದಲು ಮಗೂ ವಯಸ್ಸು ಕೇಳಬೇಕು.

ಪ್ರ: ಅಂಗನವಾಡಿ, ಶಾಲೆಗೂ ಇವರನ್ನ ಕಳಿಸಬಹುದಾ?

ಕಳಿಸಿ, ಆದ್ರೆ ಒಬ್ಬಳನ್ನೇ ಕಳಿಸ್ಬೇಡಿ, ಕ್ಲಿನಿಕ್ ಜಾಹೀರಾತು ಮಾಡೋಕೆ ಕಳಿಸ್ಬೇಡಿ. ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ 2013ರಿಂದ ಇದೆ, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನ ನೋಡಬೇಕು, ಅವರ ಪಟ್ಟೀಲಿ ಹಲ್ಲೂ ಇದೆ. ಅವರ ಜೊತೆ, ಅಂಗನವಾಡಿ ಟೀಚರ್ ಜೊತೆ ಮಾತಾಡ್ಕೊಂಡು ಹೋದ್ರೆ ಕೆಲಸ ಎರಡು ಸಲ ಆಗಲ್ಲ. ಮಕ್ಕಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕೋದು ನಮ್ಮಲ್ಲಿ ಪೂರ್ತಿ ಬಂದ್. ಕ್ಯಾಂಪ್ ಆಗಲಿ ಕ್ಲಿನಿಕ್ ಆಗಲಿ, ಬಾಗಿಲು ಹಾಕಿದ ರೂಮಲ್ಲಿ ಸ್ಟಾಫ್ ಒಬ್ಬರೇ ಮಗೂ ಜೊತೆ ಇರೋ ಹಾಗಿಲ್ಲ. ಮಗೂ ಮೈಮೇಲೆ ಅನುಮಾನ ಬರೋ ಗಾಯ ಕಂಡ್ರೆ ತಕ್ಷಣ ನನಗೆ ಹೇಳಬೇಕು, ಅಕ್ಕಪಕ್ಕದವರಿಗಲ್ಲ.

ಪ್ರ: ಕಲಿತಿದಾರೋ ಇಲ್ವೋ ಅಂತ ಹೇಗೆ ನೋಡ್ತೀರಾ?

ಪರೀಕ್ಷೆ ಪೇಪರ್ ಇಲ್ಲ. ಒಬ್ಬಳು ಅಜ್ಜಿ ಪಾತ್ರ, ಒಬ್ಬಳು ಅಸಿಸ್ಟೆಂಟು, ನಾನು ಮೂಲೇಲಿ ಕೂತು ಒಂದೇ ವಿಷಯ ಎಣಿಸ್ತೀನಿ, ಎಷ್ಟು ಹೊತ್ತು ಅಜ್ಜಿ ಮಾತಾಡಿದ್ಲು, ಎಷ್ಟು ಹೊತ್ತು ಅಸಿಸ್ಟೆಂಟ್ ಮಾತಾಡಿದ್ಲು. ಅಸಿಸ್ಟೆಂಟ್ ಮಾತು ಜಾಸ್ತಿ ಆಗಿದ್ರೆ ಮತ್ತೆ ಮಾಡಿಸ್ತೀನಿ. ಆಮೇಲೆ ಒಂದು ನೋಟ್‌ಬುಕ್ಕು, ಪ್ರತಿ ಮಗೂಗೆ ಒಂದು ಸಾಲು: ರಾತ್ರಿ ಬ್ರಷ್ ಇದೆಯಾ, ಯಾರು ಉಜ್ತಾರೆ, ರಾತ್ರಿ ಬಾಟ್ಲು ಇದೆಯಾ, ಮುಂದಿನ ಸಲಕ್ಕೆ ಏನು ಒಪ್ಪಿಕೊಂಡ್ರು. ಆರು ತಿಂಗಳಿಗೆ ಬಂದಾಗ ಅದೇ ಸಾಲಿನ ಪಕ್ಕ ಮತ್ತೆ ಬರೀತಾಳೆ. ಒಪ್ಪಿಕೊಂಡಿದ್ದು ಒಂದೇ ಇರಬೇಕು. ನಾಲ್ಕು ಹೇಳಿ ಕಳಿಸಿದ್ರೆ ನಾಲ್ಕೂ ಮರೆತೋಗುತ್ತೆ.

ಪ್ರ: ಟ್ರೇನಿಂಗ್ ಕೊಟ್ಟೆ, ಆದ್ರೂ ಹುಡುಗಿ ಏನೂ ಹೇಳಲ್ಲ. ಯಾಕೆ?

ಅವಳಿಗೆ ಟೈಮ್ ಕೊಟ್ಟಿದೀರಾ? ಈ ಪ್ರಶ್ನೆ ಕೇಳಿದ ಡಾಕ್ಟ್ರ ಕ್ಲಿನಿಕ್ಕಿಗೆ ಒಂದು ಸಲ ಹೋಗಿದ್ದೆ. ಅದೇ ಹುಡುಗಿ ಇನ್‌ಸ್ಟ್ರುಮೆಂಟ್ ತೊಳೀಬೇಕು, ಆಟೋಕ್ಲೇವ್ (ಹಬೇಲಿ ಕ್ರಿಮಿ ಸಾಯಿಸೋ ಮೆಷಿನ್) ಹಾಕಬೇಕು, ಬಿಲ್ ಬರೀಬೇಕು, ಡಾಕ್ಟ್ರಿಗೆ ಕಾಫಿ ತರಬೇಕು. ಅಮ್ಮನ ಹತ್ರ ಐದು ನಿಮಿಷ ಕೂತು ಮಾತಾಡಿದ್ರೆ ಒಳಗಿಂದ ಬೆಲ್ಲು. ಅವಳೇನು ಕಲಿತಿಲ್ಲ ಅಂತಲ್ಲ! ನಮ್ಮಲ್ಲಿ ಹೊಸ ಮಗು ಬಂದ್ರೆ ಅಸಿಸ್ಟೆಂಟಿನ ಹತ್ತು ನಿಮಿಷ ಅಪಾಯಿಂಟ್‌ಮೆಂಟ್ ಬುಕ್ಕಲ್ಲೇ ಬರೆದಿರುತ್ತೆ, ಆ ಹತ್ತು ನಿಮಿಷ ನಾನೂ ಅವಳನ್ನ ಕರೆಯೋ ಹಾಗಿಲ್ಲ. ಒಂದು ಕುರ್ಚಿ, ಒಂದು ಸಣ್ಣ ಟೇಬಲ್ಲು ಅವಳದ್ದೇ ಅಂತ ಇರಲಿ. ಮತ್ತೆ ಕೆಲಸ ಜಾಸ್ತಿ ಮಾಡಿಸಿದ್ಮೇಲೆ ಸಂಬಳನೂ ಜಾಸ್ತಿ ಮಾಡಿ, ಇದನ್ನ ನಾನು ಬಿಡಿಸಿ ಹೇಳ್ಬೇಕಾ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸೂ ಕ್ಲಿನಿಕ್ ಖರ್ಚಲ್ಲೇ ಹಾಕಿಸಿ.

ಪ್ರ: ಕಲಿಸಿದ್ಮೇಲೆ ಮದುವೆ ಆಗಿ ಬಿಟ್ಟು ಹೋಗ್ತಾರಲ್ಲ?

ಹೋಗ್ತಾರೆ. ನಮ್ಮಲ್ಲಿ ಮೊದಲು ಕಲಿತವಳು ಈಗ ಶಿರಾದಲ್ಲಿದಾಳೆ, ಒಂದೂವರೆ ವರ್ಷದ ಮಗು. ಹೋದ ತಿಂಗಳು ವಾಟ್ಸಾಪಲ್ಲಿ ಮಗೂ ತುಟಿ ಎತ್ತಿ ತೆಗೆದ ಫೋಟೋ ಕಳಿಸಿ "ಮೇಡಂ, ಇದು ಬಿಳಿ ಗೆರೆನಾ, ಹಾಲಾ?" ಅಂತ ಕೇಳಿದ್ಲು. ಒದ್ದೆ ಬಟ್ಟೇಲಿ ಒರೆಸಿ ಇನ್ನೊಂದು ಫೋಟೋ ಕಳಿಸು ಅಂದೆ. ಹಾಲೇ ಆಗಿತ್ತು.

ಪ್ರ: ಶುರು ಮಾಡೋಕೆ ಏನೇನು ಬೇಕು?

ಒಂದು ದೊಡ್ಡ ಹಲ್ಲಿನ ಮಾಡೆಲ್, ಅದಕ್ಕೆ ತಕ್ಕ ಬ್ರಷ್ಷು, ಇಲ್ಲಾಂದ್ರೆ ಬಾಯಿ ತೆಗೆಯೋ ಮೊಸಳೆ ಬೊಂಬೆನೂ ಆಗುತ್ತೆ. ಹತ್ತು ಖಾಲಿ ಪೇಸ್ಟ್ ಟ್ಯೂಬು, ಹಿಡಿ ಅಕ್ಕಿ, ಹಿಡಿ ಬಟಾಣಿ, ಒಂದು ಫೀಡಿಂಗ್ ಬಾಟ್ಲು, ನಿಮ್ಮೂರಿನ ಪೆಟ್ಟಿಗೆ ಅಂಗಡೀಲಿ ಮಕ್ಕಳು ಕೊಂಡ್ಕೊಳ್ಳೋ ಐದು ರೂಪಾಯಿ ಪ್ಯಾಕೆಟ್‌ಗಳು ಒಂದೊಂದು. ಪಿಪಿಟಿ ಬೇಡ.